ಚಿತ್ರಶಾಲೆಯಲ್ಲಿ ಚಲಿಸುವ ಚಿತ್ರ: ಗ್ಯಾಲರಿಯೊಳಗೆ ಸಿನಿಮಾ ತೋರಿಸುವವರಿಗೊಂದು ಕೈಪಿಡಿ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ನೋಡಿ ಬಂದವರಿಗೆ ಬೇರೆಲ್ಲ ಮರೆತರೂ ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರ ಮರೆಯುವುದಿಲ್ಲ. ಅದು ಜಲವರ್ಣ. ಸುತ್ತ ಕತ್ತಲು ಮಾಡಿ ಇಟ್ಟಿರುವುದರಿಂದ ಬೆರಳ ಸಂದಿನ ಬೆಳಕು ನಿಜವಾಗಿಯೂ ಉರಿಯುತ್ತಿದೆ ಅನಿಸುತ್ತದೆ. ಅದನ್ನೇ ಟ್ಯೂಬ್‌ಲೈಟ್ ಉರಿಯುವ ಆಫೀಸು ಕೋಣೆಯಲ್ಲಿ ನೇತುಹಾಕಿದರೆ ಅರ್ಧ ಸೊಗಸು ಹೋಗುತ್ತದೆ. ಗೋಡೆಯ ಮೇಲಿನ ಚಿತ್ರಕ್ಕೆ ಇಷ್ಟು ಮರ್ಯಾದೆ ಕೊಡುವ ನಾವು, ಅದೇ ಕಟ್ಟಡದಲ್ಲಿ ಸಿನಿಮಾ ತೋರಿಸುವಾಗ ಮಾತ್ರ ಕಿಟಕಿ ತೆರೆದೇ ಇಟ್ಟು, ಮುದುರಿದ ಬಟ್ಟೆಯ ಮೇಲೆ, ಚೌಕ ಚಿತ್ರವನ್ನು ಅಗಲಕ್ಕೆ ಎಳೆದು ತೋರಿಸಿಬಿಡುತ್ತೇವೆ. ಸರಿಯಾದ ಕತ್ತಲು, ಸರಿಯಾದ ಆಕಾರ, ಸರಿಯಾದ ಸದ್ದು: ಈ ಮೂರನ್ನು ಸಣ್ಣ ಬಜೆಟ್ಟಿನಲ್ಲಿ ಒದಗಿಸುವುದು ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇವೆ. ಲೆಕ್ಕಗಳೆಲ್ಲ 60 ಜನ ಕೂರುವ, 12 ಮೀಟರ್ ಉದ್ದ, 8 ಮೀಟರ್ ಅಗಲ, 5 ಮೀಟರ್ ಎತ್ತರದ ಹಳೆಯ ಹಾಲ್ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಮೈಸೂರಿನ ಹಳೆಯ ಕಟ್ಟಡಗಳಲ್ಲಿ ಇಂಥ ಹಾಲ್‌ಗಳಿಗೆ ಬರವಿಲ್ಲ.

ಮೊದಲು ಕಾಗದಪತ್ರ

ಡಿವಿಡಿ ಕೊಂಡಿದ್ದೇವೆ, ಒಟಿಟಿ ಚಂದಾ ಕಟ್ಟಿದ್ದೇವೆ ಎಂದ ಮಾತ್ರಕ್ಕೆ ಸಾರ್ವಜನಿಕರಿಗೆ ತೋರಿಸುವ ಹಕ್ಕು ಬರುವುದಿಲ್ಲ. ಟಿಕೆಟ್ ಇಲ್ಲದಿದ್ದರೂ ಇದೇ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಇದೆ, ನಿಜ. ಆದರೆ ಅದು ಸಂಸ್ಥೆಯ ಕೆಲಸದ ಅಂಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಸಂಸ್ಥೆಗೆ ನೇರ ಸಂಬಂಧಪಟ್ಟವರು ಮಾತ್ರ ನೋಡುವಾಗ ಅನ್ವಯಿಸುವಂಥದ್ದು. ಕಲಾಶಾಲೆಯ ತರಗತಿಯಲ್ಲಿ ತೋರಿಸಿದ್ದನ್ನೇ ಬಾಗಿಲು ತೆರೆದು ಊರವರಿಗೆ ತೋರಿಸಿದರೆ ವಿನಾಯಿತಿ ಹೋಯಿತು.

ಹಕ್ಕುದಾರರಿಂದ ಪತ್ರ ತರಿಸಿಕೊಳ್ಳುವಾಗ ಅದರಲ್ಲಿ ಇಷ್ಟು ಇರಲೇಬೇಕು: ಯಾವ ಚಿತ್ರ, ಯಾವ ತಾರೀಖು, ಎಷ್ಟು ಪ್ರದರ್ಶನ, ಎಷ್ಟು ಆಸನ, ಟಿಕೆಟ್ ಉಂಟೋ ಇಲ್ಲವೋ, ಸಂಭಾವನೆ ಎಷ್ಟು, ಕಳಿಸಿದ ಫೈಲನ್ನು ಆಮೇಲೆ ಅಳಿಸಬೇಕೋ ಇಟ್ಟುಕೊಳ್ಳಬಹುದೋ. ‘ತೋರಿಸಿಕೊಳ್ಳಿ ಪರವಾಗಿಲ್ಲ’ ಎಂಬ ಫೋನ್ ಮಾತನ್ನು ನಂಬಿ ಪೋಸ್ಟರ್ ಅಚ್ಚು ಹಾಕಿಸಬೇಡಿ. ಕನಿಷ್ಠ ಇಮೇಲ್ ಆದರೂ ಕೈಯಲ್ಲಿರಲಿ. ಕಲಾವಿದರ ವಿಡಿಯೊ ಕೃತಿಯಾದರೆ ಸಂಭಾವನೆಯ ಸಾಲನ್ನು ಖಾಲಿ ಬಿಡಬೇಡಿ. ಚಿತ್ರಪಟ ತರಿಸುವಾಗ ಸಾಗಣೆಗೆ, ವಿಮೆಗೆ ದುಡ್ಡು ಇಡುತ್ತೀರಿ. ವಿಡಿಯೊಗೆ ಸಾಗಣೆಯಿಲ್ಲ ಎಂಬ ಕಾರಣಕ್ಕೆ ಕಲಾವಿದರಿಗೂ ಏನೂ ಕೊಡದಿರುವುದು ನ್ಯಾಯವಲ್ಲ.

ಭಾರತದಲ್ಲಿ ಚಿತ್ರವೊಂದರ ಕೃತಿಸ್ವಾಮ್ಯ ಬಿಡುಗಡೆಯಾದ ವರ್ಷದ ಮರುವರ್ಷದಿಂದ 60 ವರ್ಷ. 1960ರಲ್ಲಿ ತೆರೆಕಂಡದ್ದು 2021ರ ಜನವರಿ 1ಕ್ಕೆ ಮುಕ್ತವಾಯಿತು. ಹಾಗೆಂದು ಅದರ ಹೊಸ ಸಬ್‌ಟೈಟಲ್‌ಗೆ, ಹೊಸದಾಗಿ ಕೂಡಿಸಿದ ಸಂಗೀತಕ್ಕೆ ಬೇರೆಯವರ ಹಕ್ಕು ಇರಬಹುದು. ಅದನ್ನು ಪ್ರತ್ಯೇಕ ವಿಚಾರಿಸಿ.

ಎರಡನೆಯದು ಪ್ರಮಾಣಪತ್ರ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಚಿತ್ರೋತ್ಸವಗಳಿಗೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯುವ ದಾರಿ ಇದೆ. ಅದಕ್ಕೆ ಅರ್ಜಿಯನ್ನು ಕೊನೇ ವಾರದಲ್ಲಿ ಹಾಕಿದರೆ ಕೆಲಸ ಕೆಡುತ್ತದೆ. ಈಗ ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಯುಎ ವರ್ಗದಲ್ಲೇ 7, 13, 16 ವರ್ಷ ಎಂದು ಮೂರು ಮೆಟ್ಟಿಲು ಬಂದಿವೆ. ಶಾಲಾ ಮಕ್ಕಳನ್ನು ಬಸ್ಸಿನಲ್ಲಿ ಕರೆತರುವ ಕಾರ್ಯಕ್ರಮವಾದರೆ ಇದನ್ನು ಪೋಸ್ಟರ್‌ನಲ್ಲೇ ಬರೆಯಿರಿ, ಶಿಕ್ಷಕರಿಗೆ ಮೊದಲೇ ತಿಳಿಯಲಿ. ಮೂರನೆಯದು ಸ್ಥಳ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ನಿಮ್ಮ ಹಾಲ್‌ಗೆ ಪರವಾನಗಿ ಬೇಕೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಉತ್ತರವನ್ನು ಫೈಲ್ ಮಾಡಿ.

ಯಾವ ಕೋಣೆ?

ಚಿತ್ರಗಳು ತೂಗುಹಾಕಿರುವ ಗ್ಯಾಲರಿಯಲ್ಲೇ ತೋರಿಸೋಣ, ವಾತಾವರಣ ಚೆನ್ನಾಗಿರುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್‌ನಷ್ಟು ಶಾಖ ಬಿಡುತ್ತಾನೆ. ಗಂಟೆಗೆ ಸುಮಾರು 50 ಗ್ರಾಂ ನೀರಾವಿ ಅವನ ಉಸಿರು, ಬೆವರಿನಿಂದ ಗಾಳಿಗೆ ಸೇರುತ್ತದೆ. 60 ಜನ ಎರಡು ಗಂಟೆ ಕೂತರೆ ಆರು ಲೀಟರ್ ನೀರು. ಕತ್ತಲಿಗಾಗಿ ಕಿಟಕಿ ಬಾಗಿಲು ಮುಚ್ಚಿರುತ್ತೀರಿ, ಆ ತೇವವೆಲ್ಲ ಎಲ್ಲಿಗೆ ಹೋಗಬೇಕು? ಕಾಗದಕ್ಕೆ, ಕ್ಯಾನ್ವಾಸಿಗೆ, ಮೈಸೂರು ಶೈಲಿಯ ಚಿತ್ರಗಳ ಗೆಸ್ಸೊ (ಬಿಳಿ ಪುಡಿ, ಅಂಟು ಕಲಸಿದ ಲೇಪ) ಉಬ್ಬುಗೆಲಸಕ್ಕೆ. ತೇವ ಏರಿ ಇಳಿದು ಮಾಡುವುದೇ ಚಿನ್ನದ ಹಾಳೆ ಬಿರಿಯುವುದಕ್ಕೆ ದಾರಿ. ಇದರ ಜೊತೆಗೆ ಸಬ್‌ವೂಫರ್‌ನ ಕಂಪನ ಗೋಡೆಗಿಳಿದು ಚೌಕಟ್ಟಿನ ಮೊಳೆ ಸಡಿಲಿಸುತ್ತದೆ. ಆದ್ದರಿಂದ ಉಪನ್ಯಾಸ ಕೋಣೆ, ಖಾಲಿ ಇರುವ ತಾತ್ಕಾಲಿಕ ಪ್ರದರ್ಶನದ ಕೋಣೆ, ಇವನ್ನೇ ಆರಿಸಿ. ಪಕ್ಕದ ಗೋಡೆಯ ಆಚೆ ಬದಿಯಲ್ಲಿ ಚಿತ್ರಗಳಿದ್ದರೂ ಸಬ್‌ವೂಫರನ್ನು ಆ ಗೋಡೆಯಿಂದ ದೂರ, ದಪ್ಪ ರಬ್ಬರ್ ಮ್ಯಾಟ್ ಮೇಲೆ ಇಡಿ.

ಪಾರಂಪರಿಕ ಕಟ್ಟಡದ ಗಾರೆ ಗೋಡೆಗೆ ಮೊಳೆ ಹೊಡೆಯಬಾರದು, ಡ್ರಿಲ್ ಹಾಕಬಾರದು. ಪರದೆ, ಪ್ರೊಜೆಕ್ಟರ್, ಕಪ್ಪು ಬಟ್ಟೆ ಎಲ್ಲವೂ ತಮ್ಮ ಕಾಲ ಮೇಲೆ ನಿಲ್ಲುವಂತಿರಬೇಕು. ಶಾಮಿಯಾನದವರ ಹತ್ತಿರ ಸಿಗುವ ಅಲ್ಯೂಮಿನಿಯಂ ಟ್ರಸ್ (ಜೋಡಿಸಿ ನಿಲ್ಲಿಸುವ ಚೌಕಟ್ಟು) ಇದಕ್ಕೆ ಸಾಕು. ಅದರ ಕಾಲಡಿಗೆ ಪ್ಲೈವುಡ್ ತುಂಡು ಕೊಡದಿದ್ದರೆ ಹಳೆಯ ನೆಲ ಗೀಚಿಹೋಗುತ್ತದೆ.

ಕತ್ತಲು ಮಾಡುವ ಕೆಲಸ

ಒಂದು ಪದರ ಕಪ್ಪು ಬಟ್ಟೆ ಸಾಲದು, ಮೈಸೂರಿನ ಮಧ್ಯಾಹ್ನದ ಬಿಸಿಲು ಅದರೊಳಗಿಂದ ಹಾದುಬರುತ್ತದೆ. ಎರಡು ಪದರ ಹೊಲಿಸಿ, ಕಿಟಕಿಯ ಚೌಕಟ್ಟಿಗಿಂತ ನಾಲ್ಕೂ ಕಡೆ ಒಂದು ಅಡಿ ಹೆಚ್ಚು ಬಿಡಿ. ಎರಡು ಪರದೆ ಕೂಡುವಲ್ಲಿಯೂ ಒಂದು ಅಡಿ ಒಂದರ ಮೇಲೊಂದು ಬರಲಿ. ಹಳೇ ಕಟ್ಟಡಗಳಲ್ಲಿ ಕೈಕೊಡುವುದು ಬಾಗಿಲ ಮೇಲಿನ ಬಣ್ಣದ ಗಾಜು ಮತ್ತು ಸೂರಿನ ಕೆಳಗಿನ ಗಾಳಿಗಿಂಡಿ. ನೆಲದಲ್ಲಿ ನಿಂತು ನೋಡಿದರೆ ಅವು ಕಣ್ಣಿಗೇ ಬೀಳುವುದಿಲ್ಲ, ಪ್ರದರ್ಶನ ಶುರುವಾದ ಮೇಲೆ ಪರದೆಯ ಮೇಲೆ ಹಸಿರು ಕೆಂಪು ಚುಕ್ಕೆಯಾಗಿ ಕಾಣುತ್ತವೆ. ಪರೀಕ್ಷೆ ಮಾಡಬೇಕಾದದ್ದು ಹೀಗೆ: ಮಟಮಟ ಮಧ್ಯಾಹ್ನ ಎಲ್ಲ ಮುಚ್ಚಿ, ಒಳಗೆ 15 ನಿಮಿಷ ಸುಮ್ಮನೆ ಕೂತುಕೊಳ್ಳಿ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಯಾವ ಸಂದಿಯಿಂದ ಬೆಳಕು ಬರುತ್ತಿದೆ ಎಂದು ಒಂದೊಂದಾಗಿ ಗೊತ್ತಾಗುತ್ತದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಪ್ರದರ್ಶನವನ್ನು ಸಂಜೆಗೆ ಇಡಿ. ನವೆಂಬರ್‌ನಲ್ಲಿ ಆರರ ಸುಮಾರಿಗೆ, ಜುಲೈಯಲ್ಲಿ ಏಳರ ಹತ್ತಿರಕ್ಕೆ ಸೂರ್ಯ ಮುಳುಗುತ್ತಾನೆ ಎಂಬುದನ್ನು ಸಮಯ ಗೊತ್ತುಮಾಡುವಾಗ ನೆನಪಿಡಿ.

ನಿರ್ಗಮನದ ಹಸಿರು ದೀಪವನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ಪರದೆಗೆ ಅದರ ಬೆಳಕು ಬಡಿಯುತ್ತಿದ್ದರೆ ಪಕ್ಕಕ್ಕೊಂದು ರಟ್ಟಿನ ಮರೆ ಕೊಡಬಹುದು, ಬಾಗಿಲ ಕಡೆಯಿಂದ ಅದು ಪೂರ್ತಿ ಕಾಣುತ್ತಿರಬೇಕು.

ಪರದೆ, ಪ್ರೊಜೆಕ್ಟರ್

ನಮ್ಮ ಹಾಲ್‌ಗೆ ಹತ್ತು ಅಡಿ ಅಗಲದ ಪರದೆ ಹೊಂದುತ್ತದೆ. 16:9 ಆಕಾರದಲ್ಲಿ ಅದರ ಎತ್ತರ 5.6 ಅಡಿ, ವಿಸ್ತೀರ್ಣ 56 ಚದರಡಿ. ಚಿತ್ರಮಂದಿರದ ಗುಣಮಟ್ಟವೆಂದರೆ ಪರದೆಯ ಮೇಲೆ 14 ಫುಟ್‌ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಬೆಳಕು. ಸಾದಾ ಮ್ಯಾಟ್ ಬಿಳಿ ಪರದೆಗೆ 56ನ್ನು 14ರಿಂದ ಗುಣಿಸಿ: 784 ಲ್ಯೂಮೆನ್ (ಪ್ರೊಜೆಕ್ಟರ್ ಹೊರಬಿಡುವ ಬೆಳಕಿನ ಅಳತೆ). ಇಷ್ಟೇ ಸಾಕೆ ಎಂದು ಹೋಗಿ 1000 ಲ್ಯೂಮೆನ್ನಿನ ಪ್ರೊಜೆಕ್ಟರ್ ತಂದರೆ ಮೋಸ ಹೋಗುತ್ತೀರಿ. ಡಬ್ಬದ ಮೇಲಿನ ಸಂಖ್ಯೆ ಕಣ್ಣು ಕುಕ್ಕುವ ಹಸಿರುಮಿಶ್ರಿತ ಮೋಡಿನದು. ಬಣ್ಣ ಸರಿಯಾಗಿ ಬರುವ ಸಿನಿಮಾ ಮೋಡಿಗೆ ಹಾಕಿದರೆ ಹೆಚ್ಚುಕಡಿಮೆ ಅರ್ಧ. ಲ್ಯಾಂಪ್ ಹಳತಾದಂತೆ ಇನ್ನೂ ಇಳಿಯುತ್ತದೆ. ಹಾಗಾಗಿ ಪೂರ್ತಿ ಕತ್ತಲಿರುವ ಕೋಣೆಗೆ 2500ರಿಂದ 3000, ಸ್ವಲ್ಪ ಬೆಳಕು ಸೋರುವ ಕೋಣೆಗೆ 5000 ಲ್ಯೂಮೆನ್ ಎಂದು ಲೆಕ್ಕವಿಡಿ. ಕತ್ತಲಿದ್ದೂ ಅತಿ ಬೆಳಕಿನ ಪ್ರೊಜೆಕ್ಟರ್ ತಂದರೆ ಪರದೆಯ ಮೇಲಿನ ಕಪ್ಪು ಬೂದುಬಣ್ಣವಾಗುತ್ತದೆ. ಕಪ್ಪುಬಿಳುಪು ಚಿತ್ರಕ್ಕೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಲ್ಯಾಂಪೋ ಲೇಸರೋ ಎಂಬುದು ನೀವು ಮಾಡುವ ಕಾರ್ಯಕ್ರಮದ ಮೇಲೆ ನಿಂತಿದೆ. ತಿಂಗಳಿಗೆರಡು ಸಿನಿಮಾ ತೋರಿಸುವವರಿಗೆ ಲ್ಯಾಂಪ್ ಸಾಕು. ದಿನವಿಡೀ ಓಡುವ ವಿಡಿಯೊ ಕೃತಿ ಇಡುವವರು ಲೆಕ್ಕ ಹಾಕಿ: ದಿನಕ್ಕೆ 8 ಗಂಟೆ, ತಿಂಗಳಿಗೆ 26 ದಿನ ಎಂದರೆ 208 ಗಂಟೆ. 3000 ಗಂಟೆಯ ಲ್ಯಾಂಪ್ 14 ತಿಂಗಳಿಗೆ ಮುಗಿಯಿತು, ಕೊನೆಯ ನಾಲ್ಕೈದು ತಿಂಗಳು ಮಂಕಾಗಿಯೇ ಇರುತ್ತದೆ. 20,000 ಗಂಟೆ ಬಾಳುವ ಲೇಸರ್ ಇಲ್ಲಿ ಅಗ್ಗ ಬೀಳುತ್ತದೆ.

ಪ್ರೊಜೆಕ್ಟರ್ ಎಷ್ಟು ದೂರ? ಅದರ ಥ್ರೋ ರೇಶಿಯೊವನ್ನು (ದೂರಕ್ಕೂ ಚಿತ್ರದ ಅಗಲಕ್ಕೂ ಇರುವ ಅನುಪಾತ) ಪರದೆಯ ಅಗಲಕ್ಕೆ ಗುಣಿಸಿ. ರೇಶಿಯೊ 1.5ರಿಂದ 2 ಇದ್ದರೆ ಹತ್ತಡಿ ಪರದೆಗೆ 15ರಿಂದ 20 ಅಡಿ. ಅಂದರೆ ಅದು ಪ್ರೇಕ್ಷಕರ ಹಿಂದೆ ಅಲ್ಲ, ಎರಡನೇ ಮೂರನೇ ಸಾಲಿನ ತಲೆಯ ಮೇಲೆ ಬರುತ್ತದೆ. ಟ್ರಸ್‌ಗೆ ತೂಗುಹಾಕಿ, ಸ್ಟೀಲ್ ಸೇಫ್ಟಿ ಕೇಬಲ್ ಒಂದನ್ನು ಬೇರೆಯಾಗಿ ಕಟ್ಟಿ. ಲೆನ್ಸು ಪರದೆಗೆ ನೇರವಾಗಿ, ಮಧ್ಯರೇಖೆಯಲ್ಲೇ ಇರಲಿ. ಓರೆಯಾಗಿಟ್ಟು ಆಮೇಲೆ ಕೀಸ್ಟೋನ್ ಗುಂಡಿ ಒತ್ತಿ ಸರಿಪಡಿಸುವುದು ಎಲ್ಲ ಕಡೆ ರೂಢಿಯಾಗಿದೆ. ಅದು ಚಿತ್ರವನ್ನು ಒಳಗೊಳಗೇ ಹಿಸುಕುತ್ತದೆ, ಅಕ್ಷರದ ಅಂಚು ಮಸುಕಾಗುತ್ತದೆ. ಲೆನ್ಸನ್ನೇ ಮೇಲೆ ಕೆಳಗೆ ಸರಿಸುವ ಲೆನ್ಸ್ ಶಿಫ್ಟ್ ಇರುವ ಯಂತ್ರವಾದರೆ ಅದನ್ನು ಬಳಸಿ; ಇಲ್ಲದಿದ್ದರೆ ಸ್ಟ್ಯಾಂಡನ್ನೇ ಸರಿಸಿ.

ಎಚ್‌ಡಿಎಂಐ ಕೇಬಲ್ ಹತ್ತು ಮೀಟರ್ ದಾಟಿದರೆ ನಂಬುವಂತಿಲ್ಲ. ನಡುನಡುವೆ ಚಿತ್ರ ಕಪ್ಪಾಗಿ ಮತ್ತೆ ಬರುವುದು, ಬಿಳಿ ಚುಕ್ಕೆ ಹಾರುವುದು ಇದರ ಲಕ್ಷಣ. ದೂರ ಹೆಚ್ಚಿದ್ದರೆ ಫೈಬರ್ ಎಚ್‌ಡಿಎಂಐ ಕೇಬಲ್ಲು. ಅದಕ್ಕೆ ತಲೆ ಬುಡ ಇದೆ: ಒಂದು ತುದಿಗೆ ಸೋರ್ಸ್, ಇನ್ನೊಂದಕ್ಕೆ ಡಿಸ್‌ಪ್ಲೇ ಎಂದು ಬರೆದಿರುತ್ತದೆ. ತಿರುಗಿಸಿ ಹಾಸಿಬಿಟ್ಟರೆ ಚಿತ್ರವೇ ಬರುವುದಿಲ್ಲ, ಇಡೀ ಕೇಬಲ್ ಮತ್ತೆ ಎಳೆಯಬೇಕಾಗುತ್ತದೆ.

ಆಸನ ಹಾಕುವುದು ಸುಲಭ. ಪರದೆಯ ಕೆಳಅಂಚು ನೆಲದಿಂದ ನಾಲ್ಕು ಅಡಿ, ಮೊದಲ ಸಾಲು 12 ಅಡಿ ದೂರ, ಸಾಲಿನಿಂದ ಸಾಲಿಗೆ ಮೂರು ಅಡಿ. ಹತ್ತು ಕುರ್ಚಿಯ ಆರು ಸಾಲು. ಕೊನೆಯ ಸಾಲು 27 ಅಡಿಗೆ ಬರುತ್ತದೆ, ನಡುವೆ ನಾಲ್ಕಡಿ ದಾರಿ ಬಿಟ್ಟರೂ ಎರಡೂ ಪಕ್ಕ ಜಾಗ ಉಳಿಯುತ್ತದೆ. ನೆಲ ಸಮತಟ್ಟಾಗಿರುವುದರಿಂದ ಎರಡು, ನಾಲ್ಕು, ಆರನೇ ಸಾಲುಗಳನ್ನು ಅರ್ಧ ಕುರ್ಚಿಯಷ್ಟು ಪಕ್ಕಕ್ಕೆ ಸರಿಸಿ, ಮುಂದಿನವರ ಎರಡು ತಲೆಗಳ ನಡುವಿನಿಂದ ಸಬ್‌ಟೈಟಲ್ ಕಾಣಬೇಕು. ಮೊದಲ ಸಾಲಿನ ಮುಂದೆ ಜಮಖಾನ ಹಾಸಿದರೆ ಮಕ್ಕಳು ಅಲ್ಲೇ ಖುಷಿಯಾಗಿ ಕೂರುತ್ತಾರೆ. ಗಾಲಿಕುರ್ಚಿಗೆ ಜಾಗವನ್ನು ಮೂಲೆಯಲ್ಲಲ್ಲ, ಮೂರನೇ ಸಾಲಿನ ದಾರಿಯ ಪಕ್ಕದಲ್ಲಿ ಬಿಡಿ.

ಸದ್ದು

ಹಳೆಯ ಹಾಲ್‌ಗಳಲ್ಲಿ ಸಿನಿಮಾ ಕೆಡುವುದು ಚಿತ್ರದಿಂದಲ್ಲ, ಸದ್ದಿನಿಂದ. ಸಂಗೀತ ಕಚೇರಿಗೆ ಒಪ್ಪುವ ಗುಂಗು ಮಾತಿಗೆ ಶತ್ರು. ಕೋಣೆಯ ಮಧ್ಯ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ, ಅದರ ಬಾಲ ಎಷ್ಟು ಹೊತ್ತು ಉಳಿಯುತ್ತದೆ ಕೇಳಿ. ಲೆಕ್ಕ ಬೇಕೆಂದರೆ ಸೇಬಿನ್ ಸೂತ್ರ ಇದೆ: ಘನ ಮೀಟರಿನಲ್ಲಿ ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ (ಪ್ರತಿ ಮೇಲ್ಮೈಯ ಚದರ ಮೀಟರನ್ನು ಅದು ಸದ್ದು ಹೀರುವ ಪಾಲಿನಿಂದ ಗುಣಿಸಿ ಕೂಡಿದ್ದು) ಭಾಗಿಸಿದರೆ ಪ್ರತಿಧ್ವನಿ ಇಳಿಯುವ ಸೆಕೆಂಡು ಸಿಗುತ್ತದೆ.

ನಮ್ಮ ಹಾಲ್‌ನ ಗಾತ್ರ 480 ಘನ ಮೀಟರ್. ಗೋಡೆ, ನೆಲ, ಸೂರು ಸೇರಿ 392 ಚದರ ಮೀಟರ್ ಗಾರೆ, ಕಲ್ಲು. ಇವು ನೂರಕ್ಕೆ ಮೂರು ಪಾಲು ಸದ್ದನ್ನಷ್ಟೇ ಹೀರುತ್ತವೆ, ಅಂದರೆ 12. ಭಾಗಿಸಿ ನೋಡಿ: ಆರು ಸೆಕೆಂಡಿಗೂ ಮೇಲೆ. ಒಂದು ಮಾತು ಮುಗಿದು ಆರು ಸೆಕೆಂಡಾದರೂ ಅದರ ಗುಂಗು ಹಾರಾಡುತ್ತಿದ್ದರೆ ಮುಂದಿನ ಮಾತು ಯಾರಿಗೆ ತಿಳಿಯಬೇಕು? ಈಗ ನೆಲಕ್ಕೆಲ್ಲ ದಪ್ಪ ಜಮಖಾನ ಹಾಸಿ, 96 ಚದರ ಮೀಟರಿಗೆ 0.3ರಂತೆ 29. ಕತ್ತಲಿಗೆಂದು ಹಾಕಿದ ಬಟ್ಟೆಯನ್ನೇ ನೆರಿಗೆ ಬಿಟ್ಟು, ಗೋಡೆಯಿಂದ ಒಂದು ಗೇಣು ಈಚೆಗೆ ಇಳಿಬಿಟ್ಟರೆ 40 ಚದರ ಮೀಟರಿಗೆ 20. 60 ಜನ ಕೂತರೆ ಇನ್ನೊಂದು 27. ಉಳಿದ ಗೋಡೆ ಸೂರಿನದು 8. ಒಟ್ಟು 84, ಪ್ರತಿಧ್ವನಿ ಒಂದು ಸೆಕೆಂಡಿನೊಳಕ್ಕೆ ಇಳಿಯಿತು. ಲಕ್ಷ ಕೊಟ್ಟು ಅಕೌಸ್ಟಿಕ್ ಪ್ಯಾನೆಲ್ ಹಾಕಿಸುವ ಮೊದಲು ಜಮಖಾನ ಬಾಡಿಗೆಗೆ ತನ್ನಿ.

ಸೂರಿನ ಮೂಲೆಗಳಲ್ಲಿ ಇರುವ ಭಾಷಣದ ಸ್ಪೀಕರ್‌ಗಳನ್ನು ಬಂದ್ ಮಾಡಿಬಿಡಿ, ಮಾತು ಪರದೆಯಿಂದಲೇ ಬರಬೇಕು. ಪರದೆಯ ಎಡಬಲಕ್ಕೆ ಒಂದೊಂದು, ಸಾಧ್ಯವಾದರೆ ಪರದೆಯ ಕೆಳಗೆ ಮಧ್ಯಕ್ಕೆ ಒಂದು. ಕೂತವರ ಕಿವಿಗಿಂತ ತುಸು ಮೇಲೆ, ಪಕ್ಕದ ಗೋಡೆಗಲ್ಲ, ನಡು ಸಾಲಿನ ಕಡೆ ಮುಖ ಮಾಡಿ. 5.1 ಚಾನೆಲ್‌ನ ಫೈಲನ್ನು ಎರಡು ಸ್ಪೀಕರ್‌ನಲ್ಲಿ ನುಡಿಸುವಾಗ ಪ್ಲೇಯರ್‌ನಲ್ಲಿ ಸ್ಟೀರಿಯೊಗೆ ಇಳಿಸುವ ಆಯ್ಕೆ ಹಾಕಲೇಬೇಕು. ಹಾಕದಿದ್ದರೆ ಹಾಡು, ಹಿನ್ನೆಲೆ ಸದ್ದು ಕೇಳಿಸುತ್ತದೆ, ಮಾತು ಮಾತ್ರ ಮಾಯ. ಮಾತು ಇರುವುದು ನಡುವಿನ ಚಾನೆಲ್‌ನಲ್ಲಿ.

ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಬಂದರೆ ಆಂಪ್ಲಿಫೈಯರ್, ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬೇರೆಬೇರೆ ಪ್ಲಗ್ಗಿನಲ್ಲಿವೆ ಎಂದೇ ಅರ್ಥ ಮಾಡಿಕೊಳ್ಳಿ. ಎಲ್ಲವನ್ನೂ ಒಂದೇ ಬೋರ್ಡಿಗೆ ತನ್ನಿ. ಆಗಲೂ ಹೋಗದಿದ್ದರೆ ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ನಡುವೆ ತಂತಿಗಳ ನೇರ ವಿದ್ಯುತ್ ಸಂಪರ್ಕ ತಪ್ಪಿಸುವ ಐಸೊಲೇಟರ್ ಹಾಕಿ. ಪ್ಲಗ್ಗಿನ ಅರ್ಥ್ ಕಡ್ಡಿ ಮುರಿದು ಸದ್ದು ನಿಲ್ಲಿಸುವವರಿದ್ದಾರೆ, ಅದು ಜೀವಕ್ಕೆ ಅಪಾಯ.

ಕರೆಂಟಿನ ಮಾತು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಗುಡುಗಿಗೆ ಕರೆಂಟ್ ಹೋಗುವುದು ನಿಶ್ಚಯ ಎಂದೇ ಇಟ್ಟುಕೊಳ್ಳಿ. ಪ್ರೊಜೆಕ್ಟರ್ 350, ಆಂಪ್ಲಿಫೈಯರ್ 200, ಲ್ಯಾಪ್‌ಟಾಪ್ 60 ವ್ಯಾಟ್, ಸೇರಿ 600 ದಾಟುತ್ತದೆ. 2 ಕೆವಿಎ ಆನ್‌ಲೈನ್ ಯುಪಿಎಸ್ (ಕರೆಂಟ್ ಹೋದಾಗ ಒಂದು ಕ್ಷಣವೂ ಕಡಿಯದೆ ಕೊಡುವಂಥದ್ದು) ತನ್ನಿ. ಮನೆಯ ಇನ್ವರ್ಟರ್ ಸಾಲದು, ಬದಲಾಗುವ ಆ ಕ್ಷಣದಲ್ಲೇ ಪ್ರೊಜೆಕ್ಟರ್ ಆರಿಹೋಗುತ್ತದೆ. ಬಿಸಿ ಲ್ಯಾಂಪ್ ತಣಿಯದೆ ಮತ್ತೆ ಹತ್ತುವುದಿಲ್ಲ, ಐದು ನಿಮಿಷ ಎಲ್ಲರೂ ಕತ್ತಲಲ್ಲಿ ಕೂರಬೇಕು.

ಫೈಲ್ ಮತ್ತು ಸಬ್‌ಟೈಟಲ್

ಚಿತ್ರಮಂದಿರಕ್ಕೆ ಕಳಿಸುವ ಡಿಸಿಪಿ ಎಂಬ ಫೈಲುಗಳ ಪೊಟ್ಟಣ ವಿಶೇಷ ತಂತ್ರಾಂಶವಿಲ್ಲದೆ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಓಡುವುದಿಲ್ಲ. ಬೀಗ ಹಾಕಿದ್ದರಂತೂ ನಿಮ್ಮ ಸರ್ವರ್‌ಗೆಂದೇ ಮಾಡಿದ ಕೀ ಬೇಕು. ಗ್ಯಾಲರಿಗಳು ಎಂಪಿ4 ಇಲ್ಲವೇ ಪ್ರೊರೆಸ್ ಫೈಲ್ ಕೇಳುವುದು ವಾಸಿ. ಎಫ್‌ಎಟಿ32 ಮಾದರಿಯ ಪೆನ್‌ಡ್ರೈವ್‌ಗೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಯಾವ ಕಾರಣಕ್ಕೂ ಪೆನ್‌ಡ್ರೈವ್‌ನಿಂದ ನೇರ ಓಡಿಸಬೇಡಿ, ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ, ಇನ್ನೊಂದು ಪ್ರತಿ ಬೇರೆ ಡ್ರೈವ್‌ನಲ್ಲಿರಲಿ.

ಆಕಾರ ನೋಡಿಕೊಳ್ಳಿ. ಹಳೆಯ ಚಿತ್ರಗಳು 1.37:1, ನಮ್ಮ ಪರದೆಯ ಮೇಲೆ ಏಳೂಮುಕ್ಕಾಲು ಅಡಿ ಅಗಲಕ್ಕೆ ನಿಲ್ಲುತ್ತವೆ, ಎರಡೂ ಪಕ್ಕ ಕಪ್ಪು ಉಳಿಯುತ್ತದೆ. ‘ಪರದೆ ತುಂಬಾ ಬರಲಿ’ ಎಂದು ಯಾರೋ ಹೇಳುತ್ತಾರೆ, ಆಪರೇಟರ್ ಎಳೆದುಬಿಡುತ್ತಾನೆ, ನಾಯಕಿಯ ಮುಖ ಕುಂಬಳಕಾಯಿಯಾಗುತ್ತದೆ. ಬಿಡಬೇಡಿ. ಆ ಕಪ್ಪು ಪಟ್ಟಿಗಳನ್ನು ಕಪ್ಪು ಬಟ್ಟೆಯಿಂದ ಮರೆಮಾಡಿದರೆ ಚಿತ್ರ ಎದ್ದು ನಿಲ್ಲುತ್ತದೆ. ಚಿತ್ರಪಟಕ್ಕೆ ಮೌಂಟ್ ಹಾಕಿದ ಹಾಗೆ. ಪ್ರೊಜೆಕ್ಟರ್‌ನಲ್ಲಿ ಮೋಷನ್ ಸ್ಮೂದಿಂಗ್ (ಚೌಕಟ್ಟುಗಳ ನಡುವೆ ಹೊಸ ಚೌಕಟ್ಟು ಸೇರಿಸುವ ಸೌಲಭ್ಯ) ಎಂಬುದಿದ್ದರೆ ಬಂದ್ ಮಾಡಿ. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರಕ್ಕೆ ಅದು ಸೀರಿಯಲ್ ಕಳೆ ತರುತ್ತದೆ. ಪಾಲ್ (PAL) ಪದ್ಧತಿಯ ಡಿವಿಡಿಯಲ್ಲಿ 24ರ ಚಿತ್ರ 25ಕ್ಕೆ ಓಡುವುದರಿಂದ ಶೇಕಡಾ 4ರಷ್ಟು ಬೇಗ ಮುಗಿಯುತ್ತದೆ, ದನಿ ತುಸು ತೆಳ್ಳಗಾಗುತ್ತದೆ. ಮೂಕಿ ಚಿತ್ರಗಳಲ್ಲಿ ಬಹಳಷ್ಟು 16ರಿಂದ 18ರ ವೇಗದಲ್ಲಿ ತೆಗೆದವು. ಅವನ್ನು 24ಕ್ಕೆ ಓಡಿಸಿದಾಗ ಬರುವ ಗಡಿಬಿಡಿ ನಡಿಗೆ ಚಿತ್ರದ್ದಲ್ಲ, ಓಡಿಸಿದವರದು.

ಕನ್ನಡ ಸಬ್‌ಟೈಟಲ್ ಹಾಕುವುದಾದರೆ, ಹಾಕಲೇಬೇಕು ಎಂಬುದು ನಮ್ಮ ಅಭಿಪ್ರಾಯ, ಒಂದು ಸಂಜೆ ಇದಕ್ಕೇ ಮೀಸಲಿಡಿ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಪರದೆಯ ಮೇಲೆ ಇಂಗ್ಲಿಷ್ ಕಸವಾಗಿ ಬರುತ್ತದೆ, ಯೂನಿಕೋಡ್‌ನಲ್ಲೇ ಇರಬೇಕು. ಎಸ್‌ಆರ್‌ಟಿ ಎಂಬ ಸಬ್‌ಟೈಟಲ್ ಫೈಲ್ ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8. ಆಮೇಲೆ ಪ್ಲೇಯರ್ ಒತ್ತಕ್ಷರವನ್ನು ಸರಿಯಾಗಿ ಕೂಡಿಸುತ್ತದೆಯೇ ನೋಡಿ: ‘ರಾಷ್ಟ್ರ’, ‘ಕೃಷ್ಣ’, ‘ಅರ್ಥ’, ‘ಸ್ತ್ರೀ’ ಎಂಬ ನಾಲ್ಕು ಪದ ಬರೆದು ಒಂದು ಪರೀಕ್ಷಾ ಫೈಲ್ ಮಾಡಿಟ್ಟುಕೊಳ್ಳಿ. ಷ್ಟ್ರ ಒಡೆದು ಷ್‌ಟ್‌ರ ಆಗಿ ಬಿದ್ದರೆ ಆ ಪ್ಲೇಯರ್ ಬೇಡ, ಇಲ್ಲವೇ ಸಬ್‌ಟೈಟಲನ್ನು ಚಿತ್ರದೊಳಕ್ಕೇ ಬೆಸೆದುಬಿಡಿ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲಾಗುವುದಿಲ್ಲ, ಅಂತರ ಹೆಚ್ಚಿಸಿ. ಕೆಳಸಾಲಿನ ಒತ್ತುಗಳು ಪರದೆಯ ಅಂಚಿನಾಚೆ ಕತ್ತರಿಸಿಹೋಗದಂತೆ ಇಡೀ ಸಬ್‌ಟೈಟಲನ್ನು ಮೇಲಕ್ಕೆತ್ತಿ. ಸಾಲಿಗೆ ಐದಾರು ಪದ, ಎರಡೇ ಸಾಲು. ಭಾಷೆಯೂ ಮಾತಿನ ಕನ್ನಡವಾಗಿರಲಿ: ‘ನಾನು ಹೊರಡುತ್ತಿದ್ದೇನೆ’ ಅನ್ನುವುದಕ್ಕಿಂತ ‘ಬರ್ತೀನಿ’ ಬೇಗ ಓದಿಸಿಕೊಳ್ಳುತ್ತದೆ.

ದಿನವಿಡೀ ಓಡುವ ಕೃತಿ

ಗ್ಯಾಲರಿಯ ಮೂಲೆಯಲ್ಲಿ ಮತ್ತೆ ಮತ್ತೆ ಓಡುವ ವಿಡಿಯೊ ಕೃತಿಗೆ ಲ್ಯಾಪ್‌ಟಾಪ್ ಇಡಬೇಡಿ, ಅಪ್‌ಡೇಟ್ ಬಂದು ಪರದೆಯ ಮೇಲೆ ನೀಲಿ ಪೆಟ್ಟಿಗೆ ಏಳುತ್ತದೆ. ಕರೆಂಟ್ ಬಂದೊಡನೆ ತಾನೇ ಶುರುವಾಗಿ ತಾನೇ ಮರಳುವ ಮೀಡಿಯಾ ಪ್ಲೇಯರ್ ಹಾಕಿ. ಬೆಳಿಗ್ಗೆ ಬಾಗಿಲು ತೆಗೆಯುವ ಸಿಬ್ಬಂದಿಗೆ ಇರಬೇಕಾದ ಕೆಲಸ ಒಂದು ಸ್ವಿಚ್ಚು, ಒಂದು ರಿಮೋಟ್. ಅದನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಸ್ವಿಚ್ಚಿನ ಪಕ್ಕ ಅಂಟಿಸಿ, ಆರಿಸುವ ಕ್ರಮವೂ ಇರಲಿ: ಮೊದಲು ರಿಮೋಟ್‌ನಿಂದ ಪ್ರೊಜೆಕ್ಟರ್, ಫ್ಯಾನ್ ನಿಂತ ಮೇಲೆ ಸ್ವಿಚ್ಚು.

ವಿವರಫಲಕದಲ್ಲಿ ಕಲಾವಿದರ ಹೆಸರು, ವರ್ಷದ ಜೊತೆ ಅವಧಿಯನ್ನು ತಪ್ಪದೆ ಬರೆಯಿರಿ. 4 ನಿಮಿಷವೋ 40 ನಿಮಿಷವೋ ಗೊತ್ತಿಲ್ಲದಿದ್ದರೆ ನೋಡುಗರು ಅರ್ಧ ನಿಮಿಷಕ್ಕೆ ಮುಂದೆ ಹೋಗುತ್ತಾರೆ. ಹತ್ತು ನಿಮಿಷ ದಾಟಿದ ಕೃತಿಗೆ ಒರಗು ಇರುವ ಬೆಂಚು ಬೇಕು. ಎರಡು ಕೃತಿ ಅಕ್ಕಪಕ್ಕ ಇದ್ದರೆ ಒಂದರ ಸದ್ದಿಗೆ ಹೆಡ್‌ಫೋನ್ ಕೊಡಿ, ಯಾವುದಕ್ಕೆ ಕೊಡಬೇಕೆಂದು ಕಲಾವಿದರನ್ನೇ ಕೇಳಿ. ಪ್ರೊಜೆಕ್ಟರಿನ ಧೂಳುಜಾಲರಿಯನ್ನು ಎರಡು ವಾರಕ್ಕೊಮ್ಮೆ ತೆಗೆದು ಊದಬೇಕು. ಸದ್ದು ಕೇಳದಿರಲಿ ಎಂದು ಅದನ್ನು ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟರೆ ಬಿಸಿಯಾಗಿ ತಾನೇ ಆರಿಹೋಗುತ್ತದೆ.

ಏನು ತೋರಿಸಬೇಕು

ಮಲ್ಟಿಪ್ಲೆಕ್ಸ್ ತೋರಿಸುವುದನ್ನೇ ಗ್ಯಾಲರಿ ತೋರಿಸಬೇಕಾಗಿಲ್ಲ. ನಿಮ್ಮ ಸಂಗ್ರಹದಲ್ಲಿ ಏನಿದೆಯೋ ಅಲ್ಲಿಂದ ಶುರುಮಾಡಿ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಜಾನಪದ ಸಂಗ್ರಹಾಲಯ ನೋಡಿದವರಿಗೆ ಗೊಂಬೆ, ವೇಷ, ಮುಖವಾಡಗಳ ಲೋಕ ಗೊತ್ತು. ಬಿಳಿ ಬಟ್ಟೆ, ಹಿಂದೆ ದೀಪ, ನಡುವೆ ಬಣ್ಣದ ತೊಗಲು: ತೊಗಲುಗೊಂಬೆಯಾಟ ಸಿನಿಮಾಕ್ಕಿಂತ ಹಳೆಯ ಚಲಿಸುವ ಚಿತ್ರ. ಮೇಳದವರನ್ನು ಕರೆಸಿ ಅರ್ಧ ಗಂಟೆ ಆಟ ಆಡಿಸಿ, ಅದೇ ಸಂಜೆ ನೆರಳುಚಿತ್ರದ ಕಿರುಚಿತ್ರಗಳನ್ನು ತೋರಿಸಿದರೆ ಎರಡೂ ಒಂದಕ್ಕೊಂದು ಬೆಳಕು ಕೊಡುತ್ತವೆ. ಮೇಳದವರಿಗೆ ಬೇಕಾದ ಎತ್ತರ, ದೀಪ, ಕೂರುವ ಜಾಗ ಬೇರೆ. ಸಿನಿಮಾ ಪರದೆಯನ್ನೇ ಕೊಡಬೇಡಿ, ಅದರ ಹಿಂಬದಿ ಕಪ್ಪು, ದೀಪ ಹಾಯುವುದಿಲ್ಲ.

ಹಳೆಯ ಚಿತ್ರಗಳಿಗೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ ಇದೆ. 1964ರಲ್ಲಿ ಶುರುವಾದದ್ದು, ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಫ್‌ಡಿಸಿಯ ಭಾಗ; 1948ರಿಂದ ಸಾಕ್ಷ್ಯಚಿತ್ರ ತೆಗೆದ ಫಿಲ್ಮ್ಸ್ ಡಿವಿಷನ್ನಿನ ಸಂಗ್ರಹವೂ ಈ ನಿಗಮಕ್ಕೇ ಸೇರಿದೆ. ಅಣೆಕಟ್ಟು, ನೀರಾವರಿಯ ಹಳೆಯ ಸಾಕ್ಷ್ಯಚಿತ್ರವೊಂದನ್ನು ಮಂಡ್ಯದಲ್ಲಿ ತೋರಿಸಿ, ಕನ್ನಂಬಾಡಿ ನಾಲೆಯ ರೈತರನ್ನೇ ಮಾತಿಗೆ ಕರೆದರೆ ಯಾವ ವಿದ್ವಾಂಸರ ಉಪನ್ಯಾಸವೂ ಬೇಡ. 16 ಎಂಎಂ ರೀಲೇ ಬಂದರೆ 400 ಅಡಿಯ ಸುರುಳಿ 11 ನಿಮಿಷ ಓಡುತ್ತದೆ. ಡಬ್ಬ ತೆಗೆದೊಡನೆ ವಿನಿಗರ್ ವಾಸನೆ ಹೊಡೆದರೆ ಫಿಲ್ಮು ಕೊಳೆಯುತ್ತಿದೆ, ಯಂತ್ರಕ್ಕೆ ಹಾಕಬೇಡಿ. ಗೇಟಿನ (ಲೆನ್ಸಿನ ಹಿಂದೆ ಫಿಲ್ಮು ಹಾಯುವ ಕಿಂಡಿ) ಮೇಲೆ ಕೆಳಗೆ ಫಿಲ್ಮಿನ ಬಳುಕು ಸರಿಯಾಗಿ ಬಿಡದಿದ್ದರೆ ಅಂಚಿನ ರಂಧ್ರ ಹರಿಯುತ್ತದೆ. 1950ರ ದಶಕಕ್ಕೂ ಹಿಂದಿನ 35 ಎಂಎಂ ರೀಲು ಎಲ್ಲಾದರೂ ಅಟ್ಟದ ಮೇಲೆ ಸಿಕ್ಕರೆ ಅದು ನೈಟ್ರೇಟ್ ಆಗಿರಬಹುದು, ಬೆಂಕಿಯಂಥ ವಸ್ತು. ಓಡಿಸುವ ಮಾತೇ ಬೇಡ, ಬಿಸಿಲಿಗಿಡದೆ ಭಂಡಾರಕ್ಕೆ ತಿಳಿಸಿ.

ದಿನ ಆರಿಸುವಾಗ ದಸರೆಯ ಹತ್ತು ದಿನ ಬಿಡಿ, ಅರಮನೆ ಸುತ್ತ ಗಾಡಿ ನಿಲ್ಲಿಸಲೂ ಜಾಗವಿರುವುದಿಲ್ಲ. ಭಾನುವಾರ ಏಳು ಗಂಟೆಗೆ ಅರಮನೆಯ ದೀಪ ಹತ್ತುತ್ತದೆ. ಆ ಭಾಗದಲ್ಲಿ ನಿಮ್ಮ ಹಾಲ್ ಇದ್ದರೆ ಶನಿವಾರವೇ ವಾಸಿ.

ಬಯಲಿನಲ್ಲಿ

ಮಂಡ್ಯ ಕಡೆ ಹಳ್ಳಿಯ ಶಾಲಾ ಮೈದಾನದಲ್ಲಿ ತೋರಿಸುವುದಾದರೆ ಏಳೂವರೆಗೆ ಮುಂಚೆ ಜನ ಬರುವುದಿಲ್ಲ, ಹಾಲು ಡೈರಿಗೆ ಹಾಕಿ ಬರಬೇಕು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, ಹಾಗಾಗಿ ಎರಡು ಗಂಟೆಯೊಳಗಿನ ಚಿತ್ರ. ಗಾಳಿಗೆ ಪರದೆ ಹಾಯಿಯಂತೆ ಉಬ್ಬುತ್ತದೆ. ಅಂಚಿನ ಕಣ್ಣುಗಳಿಗೆ ಬಿಗಿ ಹಗ್ಗದ ಬದಲು ಎಲಾಸ್ಟಿಕ್ ಕಟ್ಟಿ, ಕಾಲುಗಳಿಗೆ ಮರಳುಮೂಟೆ. ಗದ್ದೆ ಬಯಲಿನ ದೊಡ್ಡ ತೊಂದರೆ ಹುಳ. ಮಳೆ ಬಿದ್ದ ಸಂಜೆ ಎದ್ದ ರೆಕ್ಕೆಹುಳ ಪ್ರೊಜೆಕ್ಟರಿನ ಕಿರಣಕ್ಕೇ ಮುತ್ತುತ್ತದೆ, ಪರದೆಯ ಮೇಲೆ ಹದ್ದಿನಷ್ಟು ದೊಡ್ಡದಾಗಿ ಕಾಣುತ್ತದೆ, ಗಾಳಿ ಹೀರುವ ಜಾಲರಿ ಕಟ್ಟಿ ಯಂತ್ರ ಬಿಸಿಯಾಗುತ್ತದೆ. 40 ಅಡಿ ದೂರದಲ್ಲಿ ಪರದೆಗೆ ಬೆನ್ನು ಮಾಡಿ ಒಂದು ಬಿಳಿ ದೀಪವನ್ನು ಅರ್ಧ ಗಂಟೆ ಮೊದಲೇ ಹೊತ್ತಿಸಿಡಿ, ಹೆಚ್ಚಿನವು ಅತ್ತ ಹೋಗುತ್ತವೆ. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಲೆನ್ಸಿಗೆ ಕೂರುತ್ತದೆ. ಮೇಲೊಂದು ಛತ್ರಿ ಕಟ್ಟಿ, ಪ್ರೊಜೆಕ್ಟರನ್ನು ಮುಂಚೆಯೇ ಹಚ್ಚಿ ಬೆಚ್ಚಗಿಡಿ.

ಆ ದಿನ

ಹಿಂದಿನ ದಿನವೇ ಅದೇ ಕೋಣೆಯಲ್ಲಿ, ಅದೇ ಯಂತ್ರದಲ್ಲಿ ಚಿತ್ರದ ಮೊದಲ ಹತ್ತು ನಿಮಿಷ, ನಡುವೆ ಎರಡು ಕಡೆ, ಕೊನೆಯ ಐದು ನಿಮಿಷ ನೋಡಿ. ಕೊನೆ ನೋಡುವುದನ್ನು ಎಲ್ಲರೂ ಬಿಡುತ್ತಾರೆ, ಅರ್ಧ ಡೌನ್‌ಲೋಡ್ ಆದ ಫೈಲ್ ಗೊತ್ತಾಗುವುದೇ ಅಲ್ಲಿ. ಖಾಲಿ ಕೋಣೆಯಲ್ಲಿ ಸರಿಯೆನಿಸಿದ ಸದ್ದು ಜನ ತುಂಬಿದ ಮೇಲೆ ತಗ್ಗುತ್ತದೆ, ಕೊಂಚ ಏರಿಸಲು ಒಬ್ಬರು ಹಿಂದಿನ ಸಾಲಿನಲ್ಲಿ ಕೂತಿರಲಿ. ಲ್ಯಾಪ್‌ಟಾಪ್‌ನಲ್ಲಿ ವೈಫೈ, ನಿದ್ರೆ, ನೋಟಿಫಿಕೇಷನ್ ಮೂರೂ ಬಂದ್.

ಪೀಠಿಕೆ ಮೂರು ನಿಮಿಷ, ಕಥೆ ಹೇಳಬಾರದು. ದೀಪ ಒಮ್ಮೆಲೇ ಆರಿಸದೆ ಐದಾರು ಸೆಕೆಂಡಿನಲ್ಲಿ ಇಳಿಸಿ. ಹಾಗೆಯೇ ಕೊನೆಯ ಹೆಸರುಗಳು ಮೇಲೇರಿ ಮುಗಿಯುವವರೆಗೆ ದೀಪ ಹಾಕಬೇಡಿ. ಆ ಹೆಸರುಗಳಲ್ಲಿ ಬಣ್ಣ ಬಳಿದವರು, ಬಟ್ಟೆ ಹೊಲಿದವರು, ಟ್ರಾಲಿ ತಳ್ಳಿದವರು ಇದ್ದಾರೆ. ಚಿತ್ರಪಟದ ಕೆಳಗೆ ಕಲಾವಿದರ ಹೆಸರು ಬರೆಯುವ ಜಾಗದಲ್ಲಿ ಇದನ್ನು ಕತ್ತರಿಸುವುದು ಸಲ್ಲದು. ಹೆಸರು ಮುಗಿದ ಮೇಲೂ ಹತ್ತು ಸೆಕೆಂಡು ಕತ್ತಲು ಬಿಡಿ.

ಜನ ಹೋದ ಮೇಲೆ ಕಪ್ಪು ಬಟ್ಟೆ ಸರಿಸಿ, ಕಿಟಕಿ ಬಾಗಿಲು ತೆರೆದು ಗಾಳಿಯಾಡಿಸಿ. ನೋಟ್‌ಬುಕ್‌ನಲ್ಲಿ ತಾರೀಖು, ಚಿತ್ರ, ಬಂದವರ ಸಂಖ್ಯೆ, ಪ್ರೊಜೆಕ್ಟರಿನ ಮೀಟರ್ ಗಂಟೆ, ಸದ್ದಿನ ಗುಂಡಿ ಯಾವ ಅಂಕಿಯಲ್ಲಿತ್ತು, ಏನು ಕೈಕೊಟ್ಟಿತು ಎಂದು ಬರೆದಿಡಿ. ಹಕ್ಕುದಾರರಿಗೆ ಮರುದಿನವೇ ಪ್ರೇಕ್ಷಕರ ಸಂಖ್ಯೆ ತಿಳಿಸಿ, ಒಪ್ಪಂದದಂತೆ ಫೈಲ್ ಅಳಿಸಿ, ಅಳಿಸಿದ್ದೇವೆ ಎಂದು ಒಂದು ಸಾಲು ಬರೆದು ಕಳಿಸಿ.